ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯಲ್ಲಿ ಎಲ್ಲಿ ನೋಡಿದರೂ ನೀಲಿ ಬಣ್ಣವೇ ಯಾಕೆ?

ಮುಖ್ಯ ಕಾರಣ ಬಾವುಟ. ಬಾಬಾಸಾಹೇಬರು 1942ರಲ್ಲಿ ಕಟ್ಟಿದ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ ಪಕ್ಷದ್ದು ನೀಲಿ ಬಾವುಟ. ಅವರು ತೀರಿಕೊಂಡ ಮೇಲೆ, 1957ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷವೂ ಅದೇ ಬಣ್ಣ ಉಳಿಸಿಕೊಂಡಿತು. ಆಕಾಶದ ಕೆಳಗೆ ಎಲ್ಲರೂ ಒಂದೇ, ಅದಕ್ಕೇ ನೀಲಿ ಅಂತಲೂ ಹೇಳುತ್ತಾರೆ. ಚೆಂದದ ಮಾತು. ಆದರೆ ಅದು ಆಮೇಲೆ ಸೇರಿಕೊಂಡ ಅರ್ಥ ಅಂತ ನನಗನ್ನಿಸುತ್ತದೆ.

ಇನ್ನೊಂದು, ಪ್ರತಿಮೆಗಳು. ನೀಲಿ ಕೋಟು, ಎಡಗೈಯಲ್ಲಿ ಸಂವಿಧಾನ, ಮುಂದಕ್ಕೆ ಚಾಚಿದ ಬಲಗೈ ಬೆರಳು. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಇದೇ ರೂಪ, ಅಲ್ವಾ? ಹಬ್ಬದ ಹಿಂದಿನ ದಿನ ಹುಡುಗರು ಏಣಿ ಹಾಕಿ ಪ್ರತಿಮೆ ತೊಳೆದು, ಮಾಸಿದ ಕೋಟಿಗೆ ಮತ್ತೆ ನೀಲಿ ಬಳಿಯುತ್ತಾರೆ. ಕನ್ನಡಕದ ಕಪ್ಪು ಅಂಚಿಗೆ ಮಾತ್ರ ಸಣ್ಣ ಬ್ರಷ್ಷೇ ಬೇಕು. ರಾತ್ರಿ ಹನ್ನೆರಡಕ್ಕೆ ಕೇಕು, ಬೆಳಿಗ್ಗೆ ಮಾಲೆ, ಸಂವಿಧಾನದ ಪೀಠಿಕೆ ಓದು, ಸಂಜೆ ತಮಟೆ ಜೊತೆ ಮೆರವಣಿಗೆ. ಏಪ್ರಿಲ್ ಬಿಸಿಲು ನೋಡಿ, ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಹಂಚುತ್ತಾರೆ. ಲೋಟ ಕೈಗಿಡುವಾಗ "ಜೈ ಭೀಮ್" ಅಂತಾರೆ, ನೀವೂ ಹಾಗೇ ಅಂದರಾಯಿತು.