ಹಳೆ ಹಾರ್ನ್‌ಬಿ ಎಂಜಿನ್‌ಗೆ ಹೊಸ ಚಿಪ್ ಹಾಕಬಹುದಾ?

ಪ್ರಶ್ನೆ: ಮೇಡಂ, ನನಗೀಗ 61. ಬ್ಯಾಂಕಿನಿಂದ ನಿವೃತ್ತಿಯಾಗಿದೆ. 1976ರಲ್ಲಿ ನನ್ನ ಸೋದರಮಾವ ಲಂಡನ್ನಿನಿಂದ ಹಾರ್ನ್‌ಬಿ ಕಂಪನಿಯ ಒಂದು ಆಟಿಕೆ ರೈಲಿನ ಸೆಟ್ ತಂದುಕೊಟ್ಟಿದ್ದರು. ಎರಡು ಎಂಜಿನ್, ಒಂದಷ್ಟು ಗೂಡ್ಸ್ ವ್ಯಾಗನ್, ದುಂಡಗಿನ ಹಳಿ, ಒಂದು ಕಂಟ್ರೋಲರ್. ಕಾಲೇಜಿಗೆ ಸೇರಿದ ಮೇಲೆ ಅದು ಅಟ್ಟ ಸೇರಿತು. ಮೊನ್ನೆ ಇಳಿಸಿ ಓಡಿಸಿದರೆ ಒಂದು ಎಂಜಿನ್ ಗುರ್ ಅಂದು ನಿಂತಿತು, ಇನ್ನೊಂದು ಅಲುಗಲೇ ಇಲ್ಲ. ಈಗ ಎಲ್ಲಾ ಡಿಜಿಟಲ್ ಅಂತೆ, ಮೊಬೈಲಿನಲ್ಲೇ ಓಡಿಸ್ತಾರಂತೆ. ಮೊಮ್ಮಗಳು ಶಾಲೆಯಲ್ಲಿ ಆರ್ಡುಯಿನೊ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಕಲಿಯುತ್ತಿದ್ದಾಳೆ, ಅವಳಿಗೆ ನನಗಿಂತ ಅವಸರ. ಹಳೆ ಎಂಜಿನ್‌ಗೆ ಚಿಪ್ ಹಾಕಬಹುದಾ? ಎಲ್ಲಿಂದ ಶುರು ಮಾಡಲಿ?
— ಓದುಗರು, ಮೈಸೂರು

ಉತ್ತರ: ಹಾಕಬಹುದು ಸರ್. ಆದರೆ ಮೊದಲು ಆ ಹಳೆ ಕಂಟ್ರೋಲರಿನ ಪ್ಲಗ್ ಕಿತ್ತುಬಿಡಿ. ಐವತ್ತು ವರ್ಷದ ವೈರಿನ ಮೇಲಿನ ಹೊದಿಕೆ ಮಡಚಿದಲ್ಲೆಲ್ಲ ಬಿರುಕು ಬಿಟ್ಟಿರುತ್ತದೆ, ಒಳಗಡೆ 230 ವೋಲ್ಟ್ ಇದೆ. ಮಗು ಓಡಾಡುವ ಮನೆ. ಎಂಜಿನ್ ಪರೀಕ್ಷೆಗೆ ಒಂದು 9 ವೋಲ್ಟ್ ಬ್ಯಾಟರಿ ಸಾಕು. ಎರಡು ವೈರ್‌ಗಳನ್ನು ಎರಡೂ ಕಡೆಯ ಚಕ್ರಗಳಿಗೆ ಮುಟ್ಟಿಸಿ ನೋಡಿ.

ಎಂಜಿನ್ ಗುರ್ ಅಂದಿದ್ದು ಒಳ್ಳೆಯ ಲಕ್ಷಣ. ಮೋಟರ್ ಬದುಕಿದೆ, ಹಳೆ ಎಣ್ಣೆ ಅಂಟಾಗಿ ಹಲ್ಲುಚಕ್ರಗಳನ್ನು ಹಿಡಿದುಕೊಂಡಿದೆ ಅಷ್ಟೆ. ಮೇಲಿನ ಕವಚ ಬಿಚ್ಚಿ. ಐಸೊಪ್ರೊಪೈಲ್ ಆಲ್ಕೊಹಾಲ್ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಹಳೆ ಜಿಡ್ಡು ಒರೆಸಿ. ಚಕ್ರದ ಅಚ್ಚಿಗೆ ಸುತ್ತಿಕೊಂಡ ಕೂದಲು, ನೂಲು ಇದ್ದೇ ಇರುತ್ತದೆ, ಚಿಮಟದಿಂದ ಎಳೆಯಿರಿ. ಮೋಟರಿನ ತಾಮ್ರದ ಉರುಳೆಯ ಮೇಲೆ ಸಣ್ಣ ಸೀಳುಗಳಿವೆ. ಅಲ್ಲಿ ಕಾರ್ಬನ್ ಪುಡಿ ಕೂತಿರುತ್ತದೆ, ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಆಮೇಲೆ ಪ್ರತಿ ಬೇರಿಂಗಿಗೂ ಸೂಜಿಯ ತುದಿಯಲ್ಲಿ ಒಂದೇ ಹನಿ ಹೊಲಿಗೆ ಮಷಿನ್ ಎಣ್ಣೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಮತ್ತೆ ಅಂಟಾಗುತ್ತದೆ. ಅಲುಗದ ಎಂಜಿನ್ ಕೂಡ ಬಹುಶಃ ಇಷ್ಟಕ್ಕೇ ಓಡಬಹುದು. ಓಡದಿದ್ದರೆ ಆ ಉರುಳೆಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆಯೇ ಅಂತ ನೋಡಿ.

ಹಳಿಗೆ ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಉಕ್ಕಿನ ಹಳಿ. ಅದನ್ನು ನೆನಪಿಗೆ ಇಟ್ಟುಕೊಂಡು ಹೊಸದಾಗಿ ನಿಕಲ್ ಸಿಲ್ವರ್ ಹಳಿ ತಗೊಳ್ಳಿ, ತುಕ್ಕು ಹಿಡಿಯುವುದಿಲ್ಲ. ಕೇಳುವಾಗ 'ಕೋಡ್ 100' ಅಂತ ಕೇಳಿ. ಅಂದರೆ ಹಳಿಯ ಎತ್ತರ 2.54 ಮಿ.ಮೀ. ನಿಮ್ಮ ಕಾಲದ ಚಕ್ರಗಳ ಅಂಚು ಆಳವಾಗಿರುತ್ತದೆ. ಅದಕ್ಕಿಂತ ತಗ್ಗಿನ ಹಳಿಯಲ್ಲಿ ಅವು ಹಳಿಯಡಿಯ ಅಡ್ಡಪಟ್ಟಿಗೆ (ಸ್ಲೀಪರ್) ತಾಗಿ ಟಕಟಕ ಅನ್ನುತ್ತವೆ.

ಈಗ ಚಿಪ್ ವಿಷಯ. ಹಳೆ ಪದ್ಧತಿಯಲ್ಲಿ ನೀವು ಹಿಡಿತದಲ್ಲಿ ಇಟ್ಟುಕೊಂಡಿದ್ದು ಎಂಜಿನ್ ಅಲ್ಲ, ಹಳಿ. ಹಳಿಗೆ 6 ವೋಲ್ಟ್ ಕೊಟ್ಟರೆ ಅದರ ಮೇಲಿರುವ ಎಲ್ಲ ಎಂಜಿನ್‌ಗಳೂ ಓಡಬೇಕು, ತಿರುಗಿಸಿ ಕೊಟ್ಟರೆ ಎಲ್ಲವೂ ಹಿಂದೆ ಬರಬೇಕು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕೆಂದರೆ ಹಳಿಯನ್ನೇ ತುಂಡು ತುಂಡು ಮಾಡಿ ಸ್ವಿಚ್ ಹಾಕಬೇಕಿತ್ತು. ಡಿಜಿಟಲ್ ಪದ್ಧತಿಗೆ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಅನ್ನುತ್ತಾರೆ. ಅದರಲ್ಲಿ ಎಂಜಿನ್ನಿನ ಒಳಗೆ ಕೂತ ಚಿಪ್ ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಜರ್ಮನಿಯ ಲೆಂಜ್ ಕಂಪನಿಯ ವಿಧಾನವನ್ನು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಎಲ್ಲರಿಗೂ ಒಂದೇ ಮಾನದಂಡ ಮಾಡಿತು. ಹಾಗಾಗಿ ಒಬ್ಬರ ಕಂಟ್ರೋಲರ್ ಇನ್ನೊಬ್ಬರ ಚಿಪ್ ಜೊತೆ ಮಾತಾಡುತ್ತದೆ.

ಇದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ನಿಮ್ಮ ಗೇಜಿಗೆ ಸುಮಾರು 14ರಿಂದ 16. ಆದರೆ ಅದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಿರುತ್ತದೆ. ಬದಲಿಸುವ ಲಯದಲ್ಲೇ ಸಂದೇಶವಿದೆ. ಒಂದೊಂದು ಅರ್ಧ 58 ಮೈಕ್ರೊಸೆಕೆಂಡ್ ಇದ್ದರೆ ಅದು 'ಒಂದು', 100 ಅಥವಾ ಜಾಸ್ತಿ ಇದ್ದರೆ 'ಸೊನ್ನೆ'. ಶುರುವಿನಲ್ಲಿ ಸಾಲಾಗಿ ಒಂದುಗಳು, ಆಮೇಲೆ ಎಂಜಿನ್ನಿನ ವಿಳಾಸ, ಆಮೇಲೆ ಆಜ್ಞೆ, ಕೊನೆಗೆ ತಾಳೆ ನೋಡುವ ಒಂದು ಬೈಟ್. ಅದು ತಾಳೆಯಾಗದಿದ್ದರೆ ಚಿಪ್ ಆ ಸಂದೇಶವನ್ನು ಕೈಬಿಟ್ಟು ಮುಂದಿನದಕ್ಕೆ ಕಾಯುತ್ತದೆ. ನನ್ನ ಅಪ್ಪ ಅರಸೀಕೆರೆಯಲ್ಲಿ ಸಿಗ್ನಲ್ ಲೀವರ್ ಎಳೆಯುವ ಕ್ಯಾಬಿನ್‌ಮನ್ ಆಗಿದ್ದರು. ಸ್ಟೇಷನ್ ಮಾಸ್ಟರ್ ಫೋನಿನಲ್ಲಿ ಪ್ರೈವೇಟ್ ನಂಬರ್ (ಆಜ್ಞೆ ನಿಜವೆಂದು ಖಾತ್ರಿಪಡಿಸುವ ಗುಟ್ಟಿನ ಸಂಖ್ಯೆ) ಕೊಟ್ಟು, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವವರೆಗೆ ಅವರು ಲೀವರ್ ಮುಟ್ಟುತ್ತಿರಲಿಲ್ಲ. ಪಾಲಿಟೆಕ್ನಿಕ್ ಲ್ಯಾಬ್‌ನಲ್ಲಿ ಆಸಿಲೊಸ್ಕೋಪಿನ ಮೇಲೆ ಮೊದಲ ಸಲ ಈ ಅಲೆ ನೋಡಿದಾಗ ನನಗೆ ನೆನಪಾಗಿದ್ದು ಆ ಪುಸ್ತಕ. ಚಿಪ್ ಕೂಡ ಅಷ್ಟೇ ಕಟ್ಟುನಿಟ್ಟು.

ನಿಮ್ಮ ಎರಡು ಎಂಜಿನ್‌ಗಳಲ್ಲಿ ಒಂದಕ್ಕೆ ಮಾತ್ರ ಚಿಪ್ ಹಾಕಿ ಅಂತ ನನ್ನ ಸಲಹೆ. ಮಾವ ಕೊಟ್ಟದ್ದು ಒಂದಾದರೂ ಬಂದ ಹಾಗೇ ಇರಲಿ. ಚೆನ್ನಾಗಿ ಓಡುವ ಎಂಜಿನ್ನನ್ನೇ ಆರಿಸಿಕೊಳ್ಳಿ. ಕುಂಟುವ ಮೋಟರನ್ನು ಚಿಪ್ ಸರಿಮಾಡುವುದಿಲ್ಲ.

ಹಾಕುವ ಮುಂಚೆ ಎರಡು ಪರೀಕ್ಷೆ ತಪ್ಪಿಸಬೇಡಿ. ಒಂದು, 12 ವೋಲ್ಟ್ ಡಿಸಿಯಲ್ಲಿ ಎಂಜಿನ್ ಓಡಿಸಿ, ಸರ್ಕ್ಯೂಟಿನ ನಡುವೆ ಮಲ್ಟಿಮೀಟರನ್ನು 10 ಆಂಪ್ಸ್ ಸ್ಥಾನದಲ್ಲಿಟ್ಟು, ಚಕ್ರವನ್ನು ಒಂದೇ ಕ್ಷಣ ಬೆರಳಿನಿಂದ ತಡೆಯಿರಿ. ಆಗ ತೋರಿಸುವ ಕರೆಂಟ್ ನಿಮ್ಮ ಚಿಪ್ ತಾಳುವಷ್ಟರ ಒಳಗಿರಬೇಕು. ಈ ಅಳತೆಯ ಎಂಜಿನ್‌ಗಳಿಗೆ ಸಾಮಾನ್ಯವಾಗಿ 1 ಆಂಪ್ ಚಿಪ್ ಬರುತ್ತದೆ. ಹಳೆ ಮೋಟರಿನ ಅಯಸ್ಕಾಂತ ಸೊರಗಿದ್ದರೆ ಕರೆಂಟ್ ಜಾಸ್ತಿ ಎಳೆಯುತ್ತದೆ.

ಎರಡನೆಯದು ಇನ್ನೂ ಮುಖ್ಯ. ಆ ಕಾಲದ ಬಹಳಷ್ಟು ಎಂಜಿನ್‌ಗಳಲ್ಲಿ ಮೋಟರಿನ ಒಂದು ಬ್ರಷ್ ನೇರವಾಗಿ ಲೋಹದ ಚಾಸಿಗೆ ತಾಗಿರುತ್ತದೆ, ಚಾಸಿ ಒಂದು ಬದಿಯ ಹಳಿಗೆ ತಾಗಿರುತ್ತದೆ. ಹಾಗೇ ಚಿಪ್ ಹಾಕಿದರೆ ಅದು ಮೊದಲ ಸೆಕೆಂಡಿಗೇ ಹೋಯಿತು. ಮೀಟರನ್ನು ಬೀಪ್ ಸ್ಥಾನದಲ್ಲಿಡಿ. ಒಂದು ಕಡ್ಡಿ ಚಾಸಿಗೆ, ಇನ್ನೊಂದು ಒಂದೊಂದೇ ಬ್ರಷ್‌ಗೆ. ಬೀಪ್ ಅಂದ ಬ್ರಷ್ಷಿನ ಸ್ಪ್ರಿಂಗಿಗೆ ತೆಳು ಸ್ಲೀವ್ ಹಾಕಿ ಬೇರ್ಪಡಿಸಿ. ಎರಡೂ ಕಡೆ ಮೀಟರ್ ಸುಮ್ಮನಿರುವವರೆಗೆ ಮುಂದೆ ಹೋಗಬೇಡಿ.

ಉಳಿದದ್ದು ಬಣ್ಣದ ಕೆಲಸ. ಕೆಂಪು ಬಲಹಳಿಗೆ, ಕಪ್ಪು ಎಡಹಳಿಗೆ, ಕಿತ್ತಳೆ ಮತ್ತು ಬೂದು ಮೋಟರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ದೀಪಗಳ ಪ್ಲಸ್. ಹೊಸ ಚಿಪ್‌ಗಳೆಲ್ಲ 3ನೇ ವಿಳಾಸದೊಂದಿಗೆ ಬರುತ್ತವೆ. ಮೊದಲ ಸಲ ಎಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿಯ (ಚಿಪ್ಪಿಗೆ ಸೆಟ್ಟಿಂಗ್ ಬರೆಯಲು ಇಟ್ಟ ಬೇರೆ ಹಳಿ ತುಂಡಿನ) ಮೇಲೇ ಇಡಿ. ಅಲ್ಲಿ ಕರೆಂಟಿಗೆ ಮಿತಿ ಇರುವುದರಿಂದ ವೈರ್ ತಪ್ಪಿದ್ದರೂ ಚಿಪ್ ಉಳಿಯುವ ಸಾಧ್ಯತೆ ಜಾಸ್ತಿ. ಆಮೇಲೆ ಮೊಮ್ಮಗಳ ಕೈಗೆ ಕೊಡಿ. ಚಿಪ್ಪಿನ ಒಳಗೆ ಸಿವಿ ಅನ್ನುವ ನಂಬರಿನ ಖಾನೆಗಳಿವೆ. 1ನೆಯದು ವಿಳಾಸ, 3ನೆಯದು ವೇಗ ಏರುವ ನಿಧಾನ, 4ನೆಯದು ಇಳಿಯುವ ನಿಧಾನ. 3 ಮತ್ತು 4ರಲ್ಲಿ 20ರಂತಹ ಸಂಖ್ಯೆ ಬರೆದು ನೋಡಲಿ. ಸ್ವಿಚ್ ಹಾಕಿದಂತೆ ಜಿಗಿಯುತ್ತಿದ್ದ ಎಂಜಿನ್, ಹಿಂದೆ ಭಾರ ಇರುವ ಹಾಗೆ ಮೆಲ್ಲಗೆ ಹೊರಡುತ್ತದೆ. ನನಗೆ ಡಿಜಿಟಲ್ ಅಂದರೆ ಪ್ರೀತಿ ಇದಕ್ಕಾಗಿ. ಮೊಬೈಲಿನಲ್ಲಿ ಓಡುತ್ತದೆ ಅನ್ನುವುದು ಆಮೇಲಿನ ಮಾತು.

ಒಂದು ಎಚ್ಚರಿಕೆ. ಚಿಪ್ ಇಲ್ಲದ ಆ ಇನ್ನೊಂದು ಎಂಜಿನ್ನನ್ನು ಡಿಜಿಟಲ್ ಹಳಿಯ ಮೇಲೆ ಇಡಬೇಡಿ, ನಿಂತಲ್ಲೇ ಕೀರಲು ಸದ್ದು ಮಾಡುತ್ತಾ ಬಿಸಿಯಾಗುತ್ತದೆ. ಹಳೆಯ ರೀತಿಯ ಕಂಟ್ರೋಲರನ್ನೂ ಡಿಸಿಸಿಯನ್ನೂ ಒಂದೇ ಹಳಿಗೆ ಕೂಡಿಸಲೇಬೇಡಿ.

ಇನ್ನು ಎಷ್ಟು ದೊಡ್ಡದು ಮಾಡಬೇಕು? ವರ್ಷಗಳ ಮೇಲೆ ಮರಳಿ ಬಂದವರು ಒಂದು ರೂಮಿನ ತುಂಬ ಹಳಿ ಹಾಕುವ ಪ್ಲಾನ್ ಬರೆಯುತ್ತಾರೆ, ಅದು ಪ್ಲೈವುಡ್ಡಿನಲ್ಲೇ ನಿಲ್ಲುತ್ತದೆ. ನೀವು ನಾಲ್ಕೈದು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆಯಿಂದ ಶುರು ಮಾಡಿ. ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ 'ಇಂಗಲ್‌ನುಕ್ ಸೈಡಿಂಗ್ಸ್' ಅಂತ ಒಂದು ಶಂಟಿಂಗ್ ಆಟವಿದೆ. ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಬದಿಯ ಹಳಿ), ಎರಡು ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ). ಒಂದರಲ್ಲಿ 5 ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಇರುವುದು 8 ವ್ಯಾಗನ್. ಚೀಟಿ ಎತ್ತಿ, ಬಂದ ಕ್ರಮದಲ್ಲೇ 5 ವ್ಯಾಗನ್ ಜೋಡಿಸಿ ರೈಲು ಮಾಡಬೇಕು. ಹಾಗೆ 6,720 ಬಗೆಯ ರೈಲು ಬರುತ್ತವೆ. ನಿಧಾನ ಓಡುವ ಎಂಜಿನ್ ಬೇಕಾಗುವುದು ಇಲ್ಲೇ. ಡಿಜಿಟಲ್‌ನ ಬೆಲೆ ನಿಮಗೆ ಈ ಹಲಗೆಯ ಮೇಲೆ ಗೊತ್ತಾಗುತ್ತದೆ.

ಹಲಗೆಯ ಅಡಿಯಲ್ಲಿ ಮನೆ ವೈರಿಂಗಿನ ಒಂದೂವರೆ ಸ್ಕ್ವೇರ್ ಎಂಎಂ ವೈರ್ ಎರಡು ಎಳೆ ಎಳೆದು, ಪ್ರತಿ ಹಳಿ ತುಂಡಿಗೂ ಅಲ್ಲಿಂದ ಸಣ್ಣ ವೈರ್ ಬೆಸೆಯಿರಿ. ಜಾಯಿಂಟ್ ಕ್ಲಿಪ್ಪನ್ನು ನಂಬಬೇಡಿ. ಡಿಜಿಟಲ್ ಕೆಟ್ಟಿದೆ ಅಂತ ನನ್ನ ಹತ್ತಿರ ಬರುವ ದೂರುಗಳಲ್ಲಿ ಹೆಚ್ಚಿನವು ಕೊಳೆ ಹಳಿ, ಇಲ್ಲವೇ ಸಡಿಲ ಜಾಯಿಂಟ್.

ಪ್ರಶ್ನೆ: ರೆಡಿಮೇಡ್ ಡಿಸಿಸಿ ಕಂಟ್ರೋಲರ್ ತರಿಸಿದರೆ ಕಸ್ಟಮ್ಸ್ ಸೇರಿ ಕೈ ಸುಡುತ್ತದೆ. ಅದಕ್ಕೆ ಆರ್ಡುಯಿನೊ ಮೆಗಾ, ಅದರ ಮೇಲೆ ಕೂರುವ ಮೋಟರ್ ಶೀಲ್ಡ್ ಬೋರ್ಡ್ ತಂದು ಡಿಸಿಸಿ-ಇಎಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಶೀಲ್ಡಿಗೆ 15 ವೋಲ್ಟ್ ಕೊಟ್ಟ ತಕ್ಷಣ ಮೆಗಾ ಬೋರ್ಡ್ ಬಿಸಿಯಾಗಿ ಸತ್ತೇ ಹೋಯಿತು. ಯಾಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಶೀಲ್ಡನ್ನು ಮಗುಚಿ ನೋಡಿ. ಹಿಂಬದಿಯಲ್ಲಿ 'ವಿನ್ ಕನೆಕ್ಟ್' ಅಂತ ಬರೆದ ಎರಡು ಪುಟ್ಟ ಪ್ಯಾಡ್‌ಗಳಿವೆ, ಮಧ್ಯೆ ಕೂದಲೆಳೆಯಷ್ಟು ತಾಮ್ರ. ಅದು ಶೀಲ್ಡಿಗೆ ಕೊಟ್ಟ ವೋಲ್ಟೇಜನ್ನು ಕೆಳಗಿನ ಬೋರ್ಡಿಗೂ ದಾಟಿಸುತ್ತದೆ. 15 ವೋಲ್ಟ್ ನೇರ ಮೆಗಾದ ವೋಲ್ಟೇಜ್ ಇಳಿಸುವ ರೆಗ್ಯುಲೇಟರಿಗೆ ಹೋಗಿದೆ. ಹೊಸ ಬೋರ್ಡ್ ಕೂರಿಸುವ ಮುಂಚೆ ಆ ಎಳೆಯನ್ನು ಬ್ಲೇಡಿನಿಂದ ಕತ್ತರಿಸಿ, ಮೀಟರ್ ಹಿಡಿದು ಕತ್ತರಿಸಿದ್ದು ನಿಜವೇ ಅಂತ ಖಾತ್ರಿ ಮಾಡಿಕೊಳ್ಳಿ. ಶೀಲ್ಡಿಗೆ ಒಂದು ಅಡಾಪ್ಟರ್, ಮೆಗಾಗೆ ಬೇರೆ.

ನೀವು ಹಿಡಿದ ದಾರಿ ನನಗೆ ತುಂಬಾ ಇಷ್ಟ. ಈ ಸಾಫ್ಟ್‌ವೇರ್ ಉಚಿತ, ಒಳಗೆ ಏನು ನಡೆಯುತ್ತಿದೆ ಅಂತ ತೆರೆದು ಓದಬಹುದು. ಆ ಶೀಲ್ಡಿನಲ್ಲಿರುವ ಎಲ್298 ಚಿಪ್ ಒಂದೊಂದು ಚಾನೆಲ್‌ಗೆ 2 ಆಂಪ್ಸ್ ಕೊಡುತ್ತದೆ, ಸುಮಾರು 2 ವೋಲ್ಟ್ ತಾನೇ ನುಂಗುತ್ತದೆ. ಮನೆ ಮಟ್ಟಿಗೆ ಎರಡು ಮೂರು ಎಂಜಿನ್ ಆರಾಮಾಗಿ ಓಡುತ್ತವೆ. ಹಳೆ ಲ್ಯಾಪ್‌ಟಾಪ್ ಅಡಾಪ್ಟರ್ ಬಳಸುವ ಆಸೆ ಬೇಡ, ಅವು ಹೆಚ್ಚಾಗಿ 19 ವೋಲ್ಟಿನವು.

ಹಳಿಗೆ ಕೊಟ್ಟ ಮೇಲೆ ನಾಣ್ಯದ ಪರೀಕ್ಷೆ ಮಾಡಿ. ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ., ಐದು ರೂಪಾಯಿ ನಾಣ್ಯ ಎರಡನ್ನೂ ಮುಟ್ಟುತ್ತದೆ. ನಾಣ್ಯ ಇಟ್ಟ ಕೂಡಲೇ ಕಂಟ್ರೋಲರ್ ಹಳಿಯ ಕರೆಂಟ್ ಕಡಿಯಬೇಕು. ಹಲಗೆಯ ಪ್ರತಿ ಮೂಲೆಯಲ್ಲೂ ಇಟ್ಟು ನೋಡಿ. ಎಲ್ಲಿ ಕಡಿಯುವುದಿಲ್ಲವೋ ಅಲ್ಲಿ ವೈರ್ ಸಾಲದು. ಮತ್ತೆ, ಹಳಿಯ ವೋಲ್ಟೇಜನ್ನು ಸಾಮಾನ್ಯ ಮಲ್ಟಿಮೀಟರಿನ ಎಸಿ ಸ್ಥಾನದಲ್ಲಿ ಅಳೆದರೆ ಸರಿಯಾದ ಸಂಖ್ಯೆ ಬರುವುದಿಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ.

ಪ್ರಶ್ನೆ: ಪಾಯಿಂಟ್ ಬದಲಿಸಲು ಹಳೆ ಕಾಯಿಲ್ ಮೋಟರ್ ಒಳ್ಳೆಯದಾ, ಸರ್ವೊ (ಹೇಳಿದಷ್ಟೇ ಕೋನ ತಿರುಗುವ ಪುಟ್ಟ ಮೋಟರ್) ಒಳ್ಳೆಯದಾ? ನನ್ನ ಸರ್ವೊ ಸ್ವಿಚ್ ಹಾಕಿದಾಗೆಲ್ಲ ನಡುಗುತ್ತದೆ.
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸರ್ವೊ ಕಣಮ್ಮ, ಎರಡು ಮಾತಿಲ್ಲ. ಕಾಯಿಲ್ ಫಟ್ ಅಂತ ಹೊಡೆಯುತ್ತದೆ, ಸ್ವಿಚ್ ಅಂಟಿಕೊಂಡರೆ ಸುಟ್ಟೂ ಹೋಗುತ್ತದೆ. ಎಸ್‌ಜಿ90 ಅನ್ನುವ 9 ಗ್ರಾಂ ಸರ್ವೊ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ. ನಿಜವಾದ ಪಾಯಿಂಟಿನ ಹಾಗೆ ಹಳಿ ನಿಧಾನ ಸರಿಯುವುದನ್ನು ನೋಡಬಹುದು. ನಡುಗುವುದಕ್ಕೆ ಕಾರಣ ಹೆಚ್ಚಾಗಿ ಕರೆಂಟ್. ಸರ್ವೊಗೆ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಕೊಡಬೇಡ. ಬೇರೆ 5 ವೋಲ್ಟ್ ಸಪ್ಲೈ ಕೊಡು, ಎರಡರ ಗ್ರೌಂಡ್ ಮಾತ್ರ ಸೇರಿಸು. ಪಾಯಿಂಟ್ ಜಾಸ್ತಿ ಇದ್ದರೆ ಪಿಸಿಎ9685 ಬೋರ್ಡ್ ಒಂದೇ 16 ಸರ್ವೊ ನೋಡಿಕೊಳ್ಳುತ್ತದೆ. ಸರ್ವೊ ಕಡ್ಡಿಗೂ ಪಾಯಿಂಟಿಗೂ ನಡುವೆ ಸ್ವಲ್ಪ ಬಾಗುವ ಸ್ಟೀಲ್ ತಂತಿ ಹಾಕು. ಆಗ ಒಂದೆರಡು ಡಿಗ್ರಿ ಹೆಚ್ಚು ತಿರುಗಿದರೂ ಹಳಿಯ ನಾಲಿಗೆ ಮುರಿಯುವುದಿಲ್ಲ.

ಪ್ರಶ್ನೆ: ಚಿಕ್ಕಂದಿನಲ್ಲಿ ಓಡಾಡಿದ ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ರೈಲನ್ನು ಮಾದರಿ ಮಾಡಬೇಕೆಂದಿದ್ದೇನೆ. ಯಾವ ಹಳಿ ತಗೊಳ್ಳಲಿ?
— ಓದುಗರು, ಸಾಗರ

ಉತ್ತರ: 1:87 ಅಳತೆಯಲ್ಲಿ ಮಾಡುವುದಾದರೆ 1,000 ಮಿ.ಮೀ. ಹಳಿ ಸುಮಾರು 11.5 ಮಿ.ಮೀ.ಗೆ ಇಳಿಯುತ್ತದೆ. ಅದಕ್ಕೆ 12 ಮಿ.ಮೀ. ಹಳಿ ಸರಿಹೊಂದುತ್ತದೆ, ಟಿಟಿ ಹೆಸರಿನಲ್ಲಿ ಮಾರುತ್ತಾರೆ. ಸ್ವಿಸ್ ಮೀಟರ್ ಗೇಜ್ ಮಾದರಿಗಳೂ ಇದೇ ಅಗಲದವು. ಅವುಗಳ ಚಾಸಿ ಮೇಲೆ ನಮ್ಮ ಕವಚ ಕೂರಿಸಬಹುದು. ಸಾಮಾನ್ಯವಾಗಿ ಸಿಗುವ 16.5 ಮಿ.ಮೀ. ಹಳಿ ಹಾಕಿದರೆ ರೈಲು ಮೀಟರ್ ಗೇಜಿನ ಹಾಗೆ ಕಾಣುವುದೇ ಇಲ್ಲ. ಬ್ರಾಡ್ ಗೇಜಿಗೆ ಅದು ಕಿರಿದು ಕೂಡ, ನಮ್ಮ 1,676 ಮಿ.ಮೀ.ಗೆ 19 ದಾಟಬೇಕು.

ಕೆಲಸ ಶುರು ಮಾಡುವ ಮುಂಚೆ ಟೇಪು, ನೋಟ್‌ಬುಕ್ ಹಿಡಿದು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ ಬನ್ನಿ. 1979ರಿಂದ ಅಲ್ಲಿ ಹಳೆ ಎಂಜಿನ್, ಬೋಗಿಗಳನ್ನು ಇಟ್ಟಿದ್ದಾರೆ. ಫೋಟೊದಲ್ಲಿ ಸಿಗದ ಅಳತೆಗಳಿವೆ: ಬಫರಿನ ಎತ್ತರ, ಮೆಟ್ಟಿಲಿನ ಅಗಲ, ಕಿಟಕಿ ಸರಳುಗಳ ನಡುವಿನ ಅಂತರ. ಅವನ್ನು ಕೇಳಿ ಅಳೆದುಕೊಳ್ಳಿ, ನನಗೂ ಒಂದು ಪ್ರತಿ ಕಳಿಸಿ.