ಕಂಕುಳಿನ ಗ್ರಂಥಿ ಹುಡುಕಲು ನೀಲಿ ಬಣ್ಣ ಸಾಕೇ, ಕ್ಯಾಮೆರಾ ಬೇಕೇ?

ಪ್ರಶ್ನೆ: ನಾವು ಬೇಲೂರು ಕಡೆಯವರು. ಅಮ್ಮನಿಗೆ ಸ್ತನ ಕ್ಯಾನ್ಸರ್, ಆರಂಭದ ಹಂತ. ಕೀಮೋ ಆಗಿಲ್ಲ. ಹಾಸನದಲ್ಲಿ ನೀಲಿ ಬಣ್ಣ ಚುಚ್ಚಿ ಒಂದೆರಡು ಗ್ರಂಥಿ ಮಾತ್ರ ತೆಗೆದು ನೋಡುತ್ತಾರಂತೆ. ಬೆಂಗಳೂರಿನಲ್ಲಿ ಕ್ಯಾಮೆರಾದಲ್ಲೇ ಗ್ರಂಥಿ ಕಾಣುತ್ತದಂತೆ. ಅಲ್ಲಿಗೇ ಹೋಗಬೇಕೇ?

ಉತ್ತರ: ಕ್ಯಾಮೆರಾ ಒಂದಕ್ಕಾಗಿ ಓಡಬೇಕಿಲ್ಲ. ಆಪರೇಷನ್ ಮಾಡುವವರಿಗೆ ಸೆಂಟಿನೆಲ್ ನೋಡ್ ಬಯಾಪ್ಸಿಯಲ್ಲಿ (ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗ್ರಂಥಿಯನ್ನು ಹುಡುಕಿ ತೆಗೆದು ಪರೀಕ್ಷಿಸುವುದು) ಕೈ ಪಳಗಿದೆಯೇ, ಆ ಗ್ರಂಥಿ ಹುಡುಕಲು ಚುಚ್ಚುವ ಗುರುತು ಒಂದೇ ಬಳಸುತ್ತಾರೋ ಎರಡೋ, ಅದನ್ನು ವಿಚಾರಿಸಿ.

ಹಳೆಯ ಜೋಡಿ ಎಂದರೆ ನೀಲಿ ಬಣ್ಣ ಮತ್ತು ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು. ಟೆಕ್ನೀಷಿಯಂನ ವಿಕಿರಣ 6 ಗಂಟೆಗೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಹತ್ತಿರ ಇರಲೇಬೇಕು. ಅದಿಲ್ಲದ ಕಡೆ ಎರಡನೇ ಗುರುತಾಗಿ ಐಸಿಜಿ ಎಂಬ ಹಸಿರು ಬಣ್ಣ ಒಳ್ಳೆಯ ಆಯ್ಕೆ.

ಐಸಿಜಿ ಬರಿಗಣ್ಣಿಗೆ ಹೊಳೆಯುವುದಿಲ್ಲ. ಸುಮಾರು 800 ನ್ಯಾನೊಮೀಟರಿನ ಅವಗೆಂಪು ಬೆಳಕು ಬಿಟ್ಟಾಗ ಕ್ಯಾಮೆರಾದ ಪರದೆಯಲ್ಲಿ ಹೊಳೆಯುತ್ತದೆ. ಪುಡಿಯನ್ನು ಇಂಜೆಕ್ಷನ್ ನೀರಿನಲ್ಲೇ ಕಲಸಬೇಕು, ಸಲೈನ್‌ನಲ್ಲಿ ಕಲಸಿದರೆ ಗರಣೆ ಕಟ್ಟಬಹುದು. ನೋಡುವಾಗ ಥಿಯೇಟರಿನ ದೊಡ್ಡ ದೀಪ ಆರಿಸುತ್ತಾರೆ ಅಥವಾ ಆಚೆ ತಿರುಗಿಸುತ್ತಾರೆ. ಇದಕ್ಕೂ ಮಿತಿಯಿದೆ: ಬೆಳಕು ಸುಮಾರು 1 ಸೆಂ.ಮೀ. ಆಳದವರೆಗಷ್ಟೇ ತೋರಿಸುತ್ತದೆ. ಕಂಕುಳಲ್ಲಿ ಕೊಬ್ಬು ದಪ್ಪಗಿದ್ದರೆ ಚರ್ಮದ ಮೇಲಿನಿಂದ ಗ್ರಂಥಿ ಕಾಣದು. ಹೊಳೆಯುವ ನಾಳದ ಜಾಡು ಹಿಡಿದು ಒಳಹೋಗಬೇಕು. ಆ ನಾಳ ತುಂಡಾದರೆ ಬಣ್ಣ ಸೋರಿ ಇಡೀ ಗಾಯವೇ ಹೊಳೆಯುತ್ತದೆ. ಆಮೇಲೆ ಗ್ರಂಥಿ ಯಾವುದು, ಕೊಬ್ಬು ಯಾವುದು ಎನ್ನುವುದೇ ಕಷ್ಟ. ಐಸಿಜಿಯಲ್ಲಿ ಅಯೋಡಿನ್ ಇರುತ್ತದೆ, ಅದರ ಅಲರ್ಜಿ ಇದ್ದರೆ ಮೊದಲೇ ಹೇಳಿ.

ನೀಲಿ ಬಣ್ಣ, ಅಂದರೆ ಮಿಥಿಲೀನ್ ಬ್ಲೂ, ಅಗ್ಗ. ಚುಚ್ಚಿ ಐದು ನಿಮಿಷದಷ್ಟು ತಿಕ್ಕುತ್ತಾರೆ. ತೆಳುಗೊಳಿಸದೆ ಚರ್ಮದೊಳಗೇ ಚುಚ್ಚಿದರೆ ಆ ಜಾಗ ಕೊಳೆಯಬಹುದು. ಅಮ್ಮ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಜಿ6ಪಿಡಿ ಕೊರತೆ (ಹುಟ್ಟಿನಿಂದ ಬರುವ, ಕೆಂಪು ರಕ್ತಕಣದ ಒಂದು ಕಿಣ್ವದ ಕೊರತೆ) ಇದ್ದರೆ ಅರಿವಳಿಕೆ ವೈದ್ಯರಿಗೆ ತಪ್ಪದೇ ತಿಳಿಸಿ. ಮರುದಿನ ಮೂತ್ರ ಹಸಿರು-ನೀಲಿಯಾದರೆ ಗಾಬರಿ ಬೇಡ.

ಬಣ್ಣ ಹಿಡಿಯದಿದ್ದರೂ ಕೈಗೆ ಗಟ್ಟಿಯಾಗಿ ಸಿಗುವ ಗ್ರಂಥಿಯನ್ನು ತೆಗೆಯಲೇಬೇಕು. ಕ್ಯಾನ್ಸರ್ ತುಂಬಿದ ಗ್ರಂಥಿಯೊಳಕ್ಕೆ ಎಷ್ಟೋ ಸಲ ಬಣ್ಣವೇ ಹೋಗುವುದಿಲ್ಲ.

ಕೀಮೋ ಮೊದಲು ಆಗಿ, ಕಂಕುಳಿನ ಗ್ರಂಥಿಯಲ್ಲಿ ಮುಂಚೆ ರೋಗ ಕಂಡಿದ್ದರೆ ನಮ್ಮ ಉತ್ತರ ಬೇರೆ ಇರುತ್ತಿತ್ತು: ಎರಡು ಗುರುತು, ಕನಿಷ್ಠ 3 ಗ್ರಂಥಿ. ಅದಕ್ಕೆ ಅನುಕೂಲವಿರುವ ಕಡೆಗೇ ಹೋಗಿ ಎನ್ನುತ್ತಿದ್ದೆವು. ನಿಮ್ಮ ವಿಷಯದಲ್ಲಿ ಇನ್ನೊಂದನ್ನು ಕೇಳಿಟ್ಟುಕೊಳ್ಳಿ: ಗ್ರಂಥಿ ಸಿಗದೇ ಹೋದರೆ ಅದೇ ದಿನ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದುಬಿಡುತ್ತಾರೆಯೇ? ಹಾಗಾದರೆ ಮುಂದೆ ತೋಳು ಊದಿಕೊಳ್ಳುವ ಸಂಭವ ಹೆಚ್ಚು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಅಮ್ಮನಿಗೆ ಇದು ಗೊತ್ತಿರಲಿ.