ಹಳೇ ಸ್ಪೋರ್ಟ್ಸ್ ಬೈಕಾ? ಮೊದ್ಲು ಫೇರಿಂಗ್ ಬಿಚ್ಚಿಸಿ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ಬಗ್ಗೆನೇ, ಮಳೆ ನಿಂತು ಘಾಟಿ ರೋಡು ಒಣಗ್ತಿದ್ದ ಹಾಗೆ ಎಲ್ರಿಗೂ ಕೈ ತುರಿಸೋಕೆ ಶುರುವಾಗಿದೆ ಅನ್ಸುತ್ತೆ. ಒಂದೇ ಥರದ್ದನ್ನ ಬಿಟ್ಟು ಐದು ಪ್ರಶ್ನೆ ಆರಿಸ್ಕೊಂಡಿದೀನಿ.

ಸರ್, ಮೂಡಿಗೆರೆ ಹತ್ರ ಒಂದು ಎಸ್ಟೇಟಲ್ಲಿ 2013ರ ಹೋಂಡಾ ಸಿಬಿಆರ್ 250ಆರ್ ಇದೆ. ಮೀಟರಲ್ಲಿ ಬರೀ 14 ಸಾವಿರ ಕಿಲೋಮೀಟರ್. ಮಾಲೀಕರ ಮಗ ಫಾರಿನ್‌ಗೆ ಹೋದ್ಮೇಲೆ ಮೂರು ವರ್ಷದಿಂದ ಶೆಡ್ಡಲ್ಲೇ ನಿಂತಿದೆಯಂತೆ. ಈಗ ತೊಳೆದು ಪಾಲಿಶ್ ಮಾಡಿ ಇಟ್ಟಿದಾರೆ, ಹೊಸದರ ಥರಾನೇ ಇದೆ. ಕಮ್ಮಿ ಓಡಿದೆ ಅಂತ ಕಣ್ಣು ಮುಚ್ಚಿ ತಗೋಬಹುದಾ? — ಓದುಗರು, ಚಿಕ್ಕಮಗಳೂರು

ಕಣ್ಣು ಮುಚ್ಚಿ ಬೇಡವೇ ಬೇಡ ಮಾರಾಯ್ರೆ. ಮಲೆನಾಡಲ್ಲಿ ಓಡಿ ಹಾಳಾದ ಬೈಕಿಗಿಂತ ನಿಂತು ಹಾಳಾದ ಬೈಕೇ ಜಾಸ್ತಿ. ಅರಸೀಕೆರೆ ಕಡೆ ಮೂರು ವರ್ಷ ನಿಂತ ಬೈಕ್ ಬೇರೆ, ಮೂಡಿಗೆರೆಯಲ್ಲಿ ಮೂರು ಮಳೆಗಾಲ ನಿಂತ ಬೈಕ್ ಬೇರೆ, ಆರಿದ್ರಾದಿಂದ ಆಶ್ಲೇಷದ ತನಕ ಹಾಕಿದ ಬಟ್ಟೆನೇ ಒಣಗದ ಊರಲ್ಲಿ ಟ್ಯಾಂಕು, ಡಿಸ್ಕು, ವೈರ್ ಜೋಡಿಸೋ ಕಪ್ಲರ್ ಎಲ್ಲ ಹೇಗಿರುತ್ತೆ ನೀವೇ ಯೋಚನೆ ಮಾಡಿ. 40 ಸಾವಿರ ಓಡಿ ಟೈಮಿಗೆ ಸರಿಯಾಗಿ ಆಯಿಲ್ ಚೇಂಜ್ ಆಗಿರೋ ಬೈಕು, ಬಿಲ್ ಸಮೇತ ಸಿಕ್ರೆ ನಾನಂತೂ ಅದನ್ನೇ ತಗೋತೀನಿ. ಇನ್ನು ಆ 14 ಸಾವಿರ ನಿಜಾನಾ ಅಂತ ಮೀಟರ್ ಹೇಳಲ್ಲ, ಮೀಟರ್ ಬದಲಾಯ್ಸೋದು ಅರ್ಧ ಗಂಟೆ ಕೆಲಸ. ಗೇರ್ ಲಿವರ್ ರಬ್ಬರ್, ಫುಟ್‌ರೆಸ್ಟ್, ಹ್ಯಾಂಡಲ್ ಗ್ರಿಪ್, ಇಂಡಿಕೇಟರ್ ಸ್ವಿಚ್ ಮೇಲಿನ ಬರಹ ನೋಡಿ. ಇವೆಲ್ಲ ಸವೆದು ನುಣ್ಣಗಾಗಿದ್ದು ಮೀಟರಲ್ಲಿ 14 ಸಾವಿರ ಅಂತಿದ್ರೆ ಲೆಕ್ಕ ಎಲ್ಲೋ ತಪ್ಪಿದೆ.

ಈಗ ಮುಖ್ಯವಾದ್ದು. ಸ್ಪೋರ್ಟ್ಸ್ ಬೈಕಿಗೂ ಬೇರೆ ಬೈಕಿಗೂ ಕೊಳ್ಳೋವಾಗ ಇರೋ ದೊಡ್ಡ ವ್ಯತ್ಯಾಸ ಫೇರಿಂಗ್, ಅಂದ್ರೆ ಎಂಜಿನ್ ಸುತ್ತ ಮುಚ್ಚಿರೋ ಪ್ಲಾಸ್ಟಿಕ್ ಕವಚ. ಸ್ಪ್ಲೆಂಡರ್ ಬಿದ್ರೆ ಎಲ್ಲಿ ಬಿದ್ದಿದೆ ಅಂತ ದೂರದಿಂದಲೇ ಕಾಣುತ್ತೆ, ಇದು ಬಿದ್ರೆ ಆ ಪ್ಲಾಸ್ಟಿಕ್ ಒಂದು ಬದಲಾಯ್ಸಿದ್ರೆ ಎಲ್ಲ ಮುಚ್ಚಿಹೋಗುತ್ತೆ. ಅದಕ್ಕೇ ಮಾಲೀಕರನ್ನ ಕೇಳಿ ಎರಡೂ ಕಡೆ ಫೇರಿಂಗ್ ಬಿಚ್ಚಿಸಿ ನೋಡಿ, ಬೇಕಿದ್ರೆ ಮೆಕ್ಯಾನಿಕ್ ಕೂಲಿ ನೀವೇ ಕೊಡ್ತೀನಿ ಅನ್ನಿ. ಬಿಚ್ಚೋಕೆ ಬಿಡಲ್ಲ ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ, ಇನ್ನೊಂದು ಬೈಕ್ ಸಿಗುತ್ತೆ. ಬಿಚ್ಚುವಾಗಲೇ ಅರ್ಧ ಕಥೆ ಗೊತ್ತಾಗುತ್ತೆ, ಬೋಲ್ಟ್ ಬದಲು ಕೇಬಲ್ ಟೈ ಹಾಕಿರ್ತಾರೆ, ಒಳಗಡೆ ಬೋಲ್ಟ್ ಕೂರೋ ಲಗ್ಗು ಮುರಿದು ಅಂಟು ಹಚ್ಚಿರ್ತಾರೆ, ಒಂದು ಕಡೆ ಸ್ಟಿಕ್ಕರ್ ಹೊಳೀತಿರುತ್ತೆ ಇನ್ನೊಂದು ಕಡೆ ಮಾಸಿರುತ್ತೆ.

ಬಿಚ್ಚಿದ ಮೇಲೆ ಹ್ಯಾಂಡಲ್ ತಲೆ ಹತ್ರ ಫ್ರೇಮಿಗೆ ಟಾರ್ಚ್ ಬಿಡಿ. ವೆಲ್ಡಿಂಗ್ ಮಾಡಿದ ಗುರುತು, ಪೇಂಟ್ ಸಿಪ್ಪೆ ಎದ್ದಿರೋದು, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ತಗಲೋ ಸ್ಟಾಪರ್ ಜಜ್ಜಿಹೋಗಿರೋದು ಕಂಡ್ರೆ ಮುಂದಿನಿಂದ ಜೋರಾಗಿ ಗುದ್ದಿದೆ ಅಂತ ಅರ್ಥ. ಆಮೇಲೆ ರೇಡಿಯೇಟರ್, ಅದು ಮುಂದಿನ ಚಕ್ರದ ಹಿಂದೇನೇ ಇರೋದ್ರಿಂದ ಕಲ್ಲು ಹೊಡೆದು ಫಿನ್ ಮಡಚಿರುತ್ತೆ. ಸ್ವಲ್ಪ ಮಡಚಿದ್ರೆ ಪರವಾಗಿಲ್ಲ, ಒಣಗಿದ ಕೂಲೆಂಟ್ ಕಲೆ ಇದ್ರೆ ಲೀಕ್ ಇದೆ. ವೈರಿಂಗ್ ಕಪ್ಲರ್ ಒಂದೆರಡು ಎಳೆದು ಪಿನ್ ನೋಡಿ, ಹಸಿರು ಬಂದಿದ್ರೆ ಮುಂದೆ ಯಾವತ್ತೋ ರಾತ್ರಿ ಚಾರ್ಮಾಡಿ ಮಧ್ಯೆ ಬೈಕ್ ಆಫ್ ಆಗುತ್ತೆ. ಬಾಳೆಹೊನ್ನೂರು ಕಡೆ ನಿಂತಿದ್ದ ಒಂದು ಬೈಕಿನ ಏರ್ ಫಿಲ್ಟರ್ ಬಾಕ್ಸ್ ತೆಗೆದಾಗ ಒಳಗೆ ಗೋಣಿಚೀಲದ ನಾರು, ಕಾಫಿ ಸಿಪ್ಪೆ ಎಲ್ಲ ಸೇರಿಸಿ ಇಲಿ ಅಚ್ಚುಕಟ್ಟಾಗಿ ಗೂಡು ಮಾಡಿತ್ತು, ಫಿಲ್ಟರನ್ನ ಅರ್ಧ ತಿಂದೂ ಹಾಕಿತ್ತು. ಹೊರಗಡೆಯಿಂದ ಅದೂ ಫಳಫಳ ಅಂತಾನೇ ಇತ್ತು.

ಟ್ಯಾಂಕ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚಲ್ಲಿ ಒಳಗೆ ನೋಡಿ, ಮೂಗಿಗೂ ಕೆಲಸ ಕೊಡಿ. ಹಳೇ ಪೆಟ್ರೋಲ್ ವಾರ್ನಿಶ್ ಥರ ನಾತ ಹೊಡೆಯುತ್ತೆ. ನೀವು ಹೇಳಿರೋದು ಫ್ಯೂಯಲ್ ಇಂಜೆಕ್ಷನ್ ಬೈಕು, ಪಂಪು ಟ್ಯಾಂಕ್ ಒಳಗೇ ಇರೋದು, ತುಕ್ಕು ಕೆಳಗೆ ಕೂತಿದ್ರೆ ಮೊದಲು ಹೋಗೋದು ಅದೇ ಪಂಪು ಮತ್ತೆ ಇಂಜೆಕ್ಟರ್, ಎರಡೂ ದುಬಾರಿ. ಆ ಹಳೇ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ. ಪೆಟ್ರೋಲ್ ಖಾಲಿ ಮಾಡಿಸಿ ಹೊಸದು ಹಾಕಿ, ಆಯಿಲ್ ಲೆವೆಲ್ ನೋಡಿ, ಒಳ್ಳೆ ಬ್ಯಾಟರಿ ಕನೆಕ್ಟ್ ಮಾಡಿ, ಆಮೇಲೆ ಸೆಲ್ಫ್ ಒತ್ತಿ. ಆಯಿಲ್ ಮುಚ್ಚಳದ ಒಳಗೆ ಚೂರು ಬಿಳಿ ಕೆನೆ ಥರ ಇದ್ರೆ ಅದು ಬರೀ ತೇವಾಂಶ ಇರಬಹುದು, ಆದ್ರೆ ಎಂಜಿನ್ ಆಯಿಲ್ಲೇ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಕೂಲೆಂಟ್ ಒಳಗೆ ಸೇರ್ತಿದೆ, ಅಂಥದ್ದು ಬೇಡ.

ಮುಂದಿನ ಫೋರ್ಕ್ ಪೈಪಿನ ಮೇಲೆ ಬೆರಳಾಡಿಸಿ. ತುಕ್ಕಿನ ಚುಕ್ಕಿ ಕೈಗೆ ಸಿಕ್ರೆ ಎಷ್ಟು ಸಲ ಆಯಿಲ್ ಸೀಲ್ ಹಾಕ್ಸಿದ್ರೂ ಹರಿದುಹೋಗುತ್ತೆ, ಪೈಪೇ ಬದಲಾಯ್ಸ್ಬೇಕು. ಮುಂದಿನ ಚಕ್ರ ಎತ್ತಿ ಹಿಡಿಸಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ, ನಟ್ಟನಡುವೆ ಗುಳಿಗೆ ಬಿದ್ದ ಹಾಗೆ ಕಚ್ಚಿಕೊಂಡ್ರೆ ಕೋನ್‌ಸೆಟ್, ಅಂದ್ರೆ ಹ್ಯಾಂಡಲ್ ತಿರುಗೋ ಬೇರಿಂಗ್ ಹೋಗಿದೆ. ಬೈಕ್ ನ್ಯೂಟ್ರಲ್ ಮಾಡಿ ಕೈಯಲ್ಲಿ ತಳ್ಳಿ, ಭಾರ ಅನ್ಸಿದ್ರೆ ಬ್ರೇಕ್ ಕ್ಯಾಲಿಪರ್ ಪಿಸ್ಟನ್ ಹಿಡ್ಕೊಂಡಿದೆ. ಡಿಸ್ಕ್ ಅಂಚಲ್ಲಿ ಉಗುರಿಗೆ ಮೆಟ್ಟಿಲು ಥರ ಸಿಕ್ರೆ ಸವೆದಿದೆ, ಕನಿಷ್ಠ ಎಷ್ಟು ದಪ್ಪ ಇರ್ಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತೆ.

ಟೈರ್ ಬಟನ್ ಚೆನ್ನಾಗಿದೆ ಅಂತ ಮೋಸ ಹೋಗ್ಬೇಡಿ. ಪಕ್ಕದಲ್ಲಿ ಡಾಟ್ ಕೋಡ್ ಕೊನೇಲಿ ನಾಲ್ಕು ಅಂಕಿ ಇರುತ್ತೆ, 2317 ಅಂತಿದ್ರೆ 2017ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದ್ದು. ಅಷ್ಟು ಹಳೇ ರಬ್ಬರ್ ಕಲ್ಲಾಗಿರುತ್ತೆ, ಒದ್ದೆ ತಿರುವಲ್ಲಿ ಹಿಡಿಯಲ್ಲ. ನಿಮ್ಮ ಬೈಕಿಗೆ ಎರಡು ಟೈರು, ಬ್ಯಾಟರಿ, ಕೂಲೆಂಟ್, ಬ್ರೇಕ್ ಆಯಿಲ್, ಫೋರ್ಕ್ ಸೀಲ್, ಬಹುಶಃ ಚೈನ್ ಕಿಟ್ಟು, ಇಷ್ಟಂತೂ ಬಿತ್ತು ಅಂತಾನೇ ಇಟ್ಕೊಳ್ಳಿ. ಮೊದ್ಲು ಸ್ಪೇರ್ಸ್ ಅಂಗಡಿಯಲ್ಲಿ ರೇಟ್ ಬರೆಸ್ಕೊಂಡು ಬಂದು ಆ ಚೀಟಿ ಮಾಲೀಕರ ಮುಂದಿಟ್ಟು ಚೌಕಾಸಿ ಮಾಡಿ. ಈ ಮಾಡೆಲ್ 2011ರಲ್ಲಿ ಬಂದು ಬಿಎಸ್6 ಹೊಗೆ ನಿಯಮ ಶುರುವಾದಾಗ, 2020ರಲ್ಲಿ ನಿಂತುಹೋಯ್ತು, ಹಾಗಾಗಿ ಫೇರಿಂಗ್, ಹೆಡ್‌ಲೈಟ್ ಥರದ್ದು ಈಗ ಸಿಗುತ್ತಾ ಅಂತಾನೂ ಆಗಲೇ ಕೇಳ್ಬಿಡಿ.

ಫ್ರೆಂಡ್ ಹತ್ರ ಯಮಹಾ ಆರ್15 ವರ್ಷನ್ 2 ಇದೆ, 2012ರದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ ಬರುತ್ತೆ. ಬೋರ್ ಮಾಡ್ಸಿದ್ರೆ ಸರಿಹೋಗುತ್ತೆ ಅಂತ ಕಮ್ಮಿ ರೇಟ್ ಹೇಳ್ತಿದಾನೆ. — ಓದುಗರು, ಹಾಸನ

ನಿಮ್ಮ ಫ್ರೆಂಡಿಗೆ ಗೊತ್ತಿಲ್ವೋ, ಗೊತ್ತಿದ್ದೂ ಹೇಳ್ತಿಲ್ವೋ. ಆರ್15ದು ಡಯಾಸಿಲ್ ಸಿಲಿಂಡರ್, ಅಂದ್ರೆ ಒಳಗೆ ಕಬ್ಬಿಣದ ಸ್ಲೀವ್ ಇಲ್ಲ, ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂನಲ್ಲೇ ಎರಕ ಹೊಯ್ದಿರೋದು. ಹಳೇ ಆರ್‌ಎಕ್ಸ್ 100 ಥರ ಬೋರ್ ಮಾಡಿ, ಅಂದ್ರೆ ಸಿಲಿಂಡರ್ ಒಳಗೆ ಕೊರೆದು ಅಗಲ ಮಾಡಿ, ಓವರ್‌ಸೈಜ್ ಪಿಸ್ಟನ್ ಹಾಕೋ ಎಂಜಿನ್ ಅಲ್ಲ ಅದು. ಬ್ಲಾಕ್, ಪಿಸ್ಟನ್, ರಿಂಗ್ ಸೆಟ್ ಪೂರ್ತಿ ಹೊಸದು ಹಾಕ್ಬೇಕು. ಕೆಲವು ಲೇತ್‌ನವರು ಸ್ಲೀವ್ ಹೊಡ್ಕೊಡ್ತೀವಿ ಅಂತಾರೆ, ಹಾಗೆ ಮಾಡಿದ್ದನ್ನ ನಾನಂತೂ ಕೊಳ್ಳಲ್ಲ.

ಆದ್ರೆ ಒಂದು ವಿಷಯ, ಬರೀ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಪಫ್ ಬಂದು ನಿಂತುಹೋದ್ರೆ ವಾಲ್ವ್ ಸೀಲ್ ಇರಬಹುದು, ಅದು ಅಷ್ಟು ದೊಡ್ಡ ಖರ್ಚಲ್ಲ. ಬಿಸಿಯಾದ ಮೇಲೂ ಆಕ್ಸಿಲರೇಟರ್ ಕೊಟ್ಟಾಗೆಲ್ಲ ನೀಲಿ ಬರ್ತಿದ್ರೆ ರಿಂಗು, ಬ್ಲಾಕ್ ಕಡೆ ನೋಡ್ಬೇಕು. ಹಾಗಾಗಿ ನೀವು ಹೋದಾಗ ಎಂಜಿನ್ ತಣ್ಣಗಿರ್ಬೇಕು. ಹೋದ ತಕ್ಷಣ ಕೈಯಿಟ್ಟು ನೋಡಿ, ಬಿಸಿ ಇದ್ರೆ ಅವನು ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿದಾನೆ, ಸಂಜೆ ಮತ್ತೆ ಬರ್ತೀನಿ ಅಂತ ಹೇಳಿ ಹೊರಡಿ.

ಮಾರೋರು ಟೆಸ್ಟ್ ರೈಡ್ ಅಂದ್ರೆ ಬೀದಿ ಕೊನೆ ತನಕ ಅಷ್ಟೇ ಅಂತಾರೆ. ಅಷ್ಟರಲ್ಲಿ ಏನು ಗೊತ್ತಾಗುತ್ತೆ? — ಓದುಗರು, ಚಿಕ್ಕಮಗಳೂರು

ಏನೂ ಗೊತ್ತಾಗಲ್ಲ. ಪೂರ್ತಿ ದುಡ್ಡು ಅವ್ರ ಕೈಗೆ ಕೊಟ್ಟು, ಡಿಎಲ್ ತೋರಿಸಿ, ಬೇಕಿದ್ರೆ ಹಿಂದೆ ಕೂತ್ಕೊಳ್ಳಿ ಅಂತ ಕರೀರಿ. ನಮ್ಮ ಚಿಕ್ಕಮಗಳೂರಲ್ಲಿ ದೇವರು ಕೊಟ್ಟ ಟೆಸ್ಟ್ ಟ್ರ್ಯಾಕ್ ಇದೆ, ಟೌನಿಂದ ಕೈಮರ ಚೆಕ್‌ಪೋಸ್ಟ್ ತನಕ ಹೋಗಿ ಮುಂದೆ ಮುಳ್ಳಯ್ಯನಗಿರಿ ಕಡೆ ಏರು ಸ್ವಲ್ಪ ಹತ್ತಿ ಬನ್ನಿ. ಏರಲ್ಲಿ ದೊಡ್ಡ ಗೇರಲ್ಲೇ ಇಟ್ಟು ಆಕ್ಸಿಲರೇಟರ್ ತಿರುಗಿಸಿ, ಆರ್‌ಪಿಎಂ ಮುಳ್ಳು ಮೇಲೆ ಹೋಗಿ ಸ್ಪೀಡ್ ಏರದಿದ್ರೆ ಕ್ಲಚ್ ಪ್ಲೇಟ್ ಹೋಗಿದೆ. ಸೆಕೆಂಡ್ ಗೇರಲ್ಲಿ ಎಳೆದಾಗ ಪಟ್ ಅಂತ ನ್ಯೂಟ್ರಲ್‌ಗೆ ಜಾರಿದ್ರೆ ಗೇರ್ ಬಾಕ್ಸ್ ಬಿಚ್ಚೋ ಕೆಲಸ, ಅಂದ್ರೆ ಎಂಜಿನ್ ಇಳಿಸ್ಬೇಕು. ಇಳಿಜಾರಲ್ಲಿ ಮುಂದಿನ ಬ್ರೇಕ್ ಮೆಲ್ಲಗೆ ಹಿಡಿದಾಗ ಲಿವರ್ ಕೈಗೆ ಒದ್ದ ಹಾಗೆ ಆದ್ರೆ ಡಿಸ್ಕ್ ಸೊಟ್ಟ ಆಗಿರಬಹುದು. ವಾಪಸ್ ಬಂದು ಎಂಜಿನ್ ಆಫ್ ಮಾಡದೇ ನಿಲ್ಲಿಸಿ ಕಾಯಿರಿ, ರೇಡಿಯೇಟರ್ ಫ್ಯಾನ್ ತಾನಾಗೇ ಆನ್ ಆಗ್ಬೇಕು. ಟೆಂಪರೇಚರ್ ಏರ್ತಾನೇ ಇದ್ದು ಫ್ಯಾನ್ ತಿರುಗದಿದ್ರೆ ಕೂಡಲೇ ಆಫ್ ಮಾಡಿ. ಮಲ್ಟಿಮೀಟರ್ ಇದ್ರೆ ಬ್ಯಾಟರಿಗೆ ಇಡಿ, ಸ್ವಲ್ಪ ರೇಸ್ ಮಾಡಿದಾಗ ಹೆಚ್ಚುಕಮ್ಮಿ 13.5ರಿಂದ 14.5 ವೋಲ್ಟ್ ತೋರಿಸ್ಬೇಕು, ತೋರಿಸದಿದ್ರೆ ಬ್ಯಾಟರಿ ಚಾರ್ಜ್ ಮಾಡೋ ರೆಕ್ಟಿಫೈಯರ್ ಇಲ್ಲಾ ಕಾಯಿಲ್ ಹೋಗಿರಬಹುದು.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇರೋ ಬೈಕಾದ್ರೆ ಕೀ ಆನ್ ಮಾಡಿದಾಗ ಎಬಿಎಸ್ ಲೈಟ್ ಹತ್ತಿ, ಸ್ವಲ್ಪ ದೂರ ಓಡಿದ ಮೇಲೆ ಆರಬೇಕು. ಹತ್ತದೇ ಇದ್ರೆ ಖುಷಿ ಪಡ್ಬೇಡಿ, ಯಾರೋ ಬಲ್ಬ್ ಕಿತ್ತಿರ್ತಾರೆ.

ಕೇರಳ ರಿಜಿಸ್ಟ್ರೇಷನ್‌ದು ಒಂದು, ಬೆಂಗಳೂರಿಂದು ಒಂದು ನೋಡಿದೀನಿ. ಕೇರಳದ್ದು ತುಂಬಾ ಚೀಪ್. ಪೇಪರ್ಸ್ ವಿಷಯದಲ್ಲಿ ಏನು ನೋಡ್ಬೇಕು? — ಓದುಗರು, ಸಕಲೇಶಪುರ

ಕೇರಳದ್ದು ಚೀಪ್ ಅಂತ ಕಾಣೋದು ನಮ್ಮ ಲೈಫ್ ಟೈಮ್ ಟ್ಯಾಕ್ಸ್ ಸೇರಿಸದೇ ಇರೋದ್ರಿಂದ. ಬೇರೆ ರಾಜ್ಯದ ಗಾಡಿ 12 ತಿಂಗಳ ಮೇಲೆ ಇಲ್ಲಿ ಇಟ್ಕೊಂಡ್ರೆ ಇಲ್ಲಿನ ನಂಬರ್ ಹಾಕಿಸ್ಲೇಬೇಕು, ಅದಕ್ಕೆ ಅಲ್ಲಿನ ಆರ್‌ಟಿಒ ಇಂದ ಫಾರ್ಮ್ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು. ಎನ್‌ಒಸಿ ಮಾಡಿಸ್ಕೊಡೋದು ಮಾರೋರ ತಲೆನೋವು, ಅದು ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡ್ಬೇಡಿ. ಟ್ಯಾಕ್ಸ್ ಎಷ್ಟಾಗುತ್ತೆ ಅಂತ ಮೊದ್ಲೇ ಸಕಲೇಶಪುರ ಆರ್‌ಟಿಒದಲ್ಲಿ ಕೇಳಿ ಬೈಕಿನ ರೇಟಿಗೆ ಸೇರಿಸಿ ನೋಡಿ, ಆಗ ಬೆಂಗಳೂರಿಂದೇ ಅಗ್ಗ ಅನ್ಸಬಹುದು.

ಬೆಂಗಳೂರಿನ ಗಾಡಿಗೆ ಬೇರೆ ಕಾಟ, ಟ್ರಾಫಿಕ್ ಫೈನ್. ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್ ಅಂತ ಕ್ಯಾಮೆರಾ ಹಿಡಿದಿದ್ದೆಲ್ಲ ಸಾಲಾಗಿ ಬಿದ್ದಿರುತ್ತೆ. ಸರ್ಕಾರದ ಪರಿವಾಹನ್ ಸೈಟಲ್ಲಿ ನಂಬರ್ ಹಾಕಿ ಆರ್‌ಸಿ ಸ್ಟೇಟಸ್, ಇನ್ಶೂರೆನ್ಸ್ ನೋಡಿ, ಫೈನ್ ಬಾಕಿನ ಬೆಂಗಳೂರು ಟ್ರಾಫಿಕ್ ಪೊಲೀಸರ ಸೈಟಲ್ಲೂ ನೋಡಿ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಇನ್ನೂ ಇದ್ರೆ ಅವರ ಎನ್‌ಒಸಿ ಮತ್ತೆ ಫಾರ್ಮ್ 35 ಬೇಕು. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಬಟ್ಟೆಯಲ್ಲಿ ಒರೆಸಿ ನೀವೇ ಓದಿ ಆರ್‌ಸಿ ಜೊತೆ ಹೋಲಿಸಿ, ಫೋಟೋ ನೋಡಿ ಒಪ್ಕೋಬೇಡಿ. ಹೆಸರು ಬದಲಾವಣೆಗೆ ಫಾರ್ಮ್ 29, 30. ಮಾರಾಟ ಆದ 30 ದಿನದೊಳಗೆ ನೀವು ಅರ್ಜಿ ಹಾಕ್ಬೇಕು, ಇನ್ಶೂರೆನ್ಸ್ ಕಂಪನಿಗೆ 14 ದಿನದಲ್ಲಿ ತಿಳಿಸ್ಬೇಕು. ಅವ್ರ ನೋ ಕ್ಲೈಮ್ ಬೋನಸ್ ನಿಮಗೆ ಬರಲ್ಲ. ಸಹಿ ಹಾಕಿದ ಖಾಲಿ ಫಾರ್ಮ್ ಕೊಟ್ಟು ನಿಧಾನಕ್ಕೆ ಮಾಡ್ಸ್ಕೊಳ್ಳಿ ಅನ್ನೋ ಬ್ರೋಕರ್ ಹತ್ರ ವ್ಯವಹಾರವೇ ಬೇಡ, ಆರ್‌ಸಿಯಲ್ಲಿ ಹೆಸರಿರೋ ಮನುಷ್ಯ ಎದುರಿಗೆ ಬರ್ಲಿ. ಎರಡೂ ಕೀ ಇಸ್ಕೊಳ್ಳಿ.

2008ರ ಕರಿಜ್ಮಾ ಸಿಗ್ತಿದೆ, ಒಂದೇ ಕೈ ಓಡಿರೋದು. ಈಗಿನ ಪೆಟ್ರೋಲ್‌ಗೆ ಆಗುತ್ತಾ? — ಓದುಗರು, ಬೇಲೂರು

ಪೆಟ್ರೋಲ್‌ಗಿಂತ ಮೊದ್ಲು ಆರ್‌ಸಿ ನೋಡಿ. ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ರಿನ್ಯೂವಲ್ ಮಾಡಿಸ್ಬೇಕು. 2008ರದ್ದು ಅಂದ್ರೆ ಆ 15 ವರ್ಷ 2023ಕ್ಕೇ ಮುಗಿದಿದೆ. ರಿನ್ಯೂವಲ್ ಆಗದೇ ಇದ್ರೆ ಅದನ್ನ ಅವರ ಹೆಸರಲ್ಲೇ ಮಾಡಿಸ್ಕೊಡಿ ಅನ್ನಿ.

ಪೆಟ್ರೋಲ್ ವಿಷಯ: ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತಿದ್ದು, ಆ ಕಾಲದ ಬೈಕು ಅದಕ್ಕೆ ಅಂತ ಮಾಡಿದ್ದಲ್ಲ. ಓಡುತ್ತೆ, ಆದ್ರೆ ಪೆಟ್ರೋಲ್ ಪೈಪು, ಕಾರ್ಬೊರೇಟರ್‌ನ ರಬ್ಬರ್ ವಾಷರ್ ಎಲ್ಲ ಒಂದ್ಸಲ ಹೊಸದು ಹಾಕ್ಸಿಬಿಡಿ. ಎಥನಾಲ್ ನೀರು ಹೀರ್ಕೊಳ್ಳುತ್ತೆ, ಅದಕ್ಕೇ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಕಾಕ್ ಬಂದ್ ಮಾಡಿ ಕಾರ್ಬೊರೇಟರ್ ಬೌಲ್ ಖಾಲಿ ಮಾಡಿಡಿ, ಕೆಳಗಡೆ ಒಂದು ಡ್ರೈನ್ ಸ್ಕ್ರೂ ಇರುತ್ತೆ, ಅದನ್ನ ಸಡಿಲ ಮಾಡಿದ್ರೆ ಆಯ್ತು.